ಪಿಸಿಎಂ ಆದಮೇಲೆ ಬರುವ ಒಂದಕ್ಷರ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನನ್ನ ಫೋನ್‌ಗೆ ಬಿಡುವಿರುವುದಿಲ್ಲ. ನಾನು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವಳು. ನೆಂಟರು, ನೆಂಟರ ನೆಂಟರು, ಹಳೇ ಬಾಡಿಗೆ ಮನೆಯ ಓನರ್, ಹಾಲು ಹಾಕುವವರು, ಎಲ್ಲರೂ ಕೇಳುವುದು ಒಂದೇ. “ಮೇಡಂ, ಹುಡುಗನಿಗೆ ಪಿಸಿಎಂಬಿ ಕೊಡ್ಸೋಣೋ, ಪಿಸಿಎಂಸಿ ಕೊಡ್ಸೋಣೋ?”

ಗಮನಿಸಿ, ಪ್ರಶ್ನೆ ಇರುವುದು ಕೊನೆಯ ಅಕ್ಷರದ ಬಗ್ಗೆ ಮಾತ್ರ. ಪಿಸಿಎಂ ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಅದು ಇಬ್ಬರಿಗೂ ಒಂದೇ. ಕೊನೆಯ ಬಿ ಬಯಾಲಜಿ, ಸಿ ಕಂಪ್ಯೂಟರ್ ಸೈನ್ಸ್. ಜನರ ಲೆಕ್ಕದಲ್ಲಿ ಬಿ ಅಂದರೆ ಡಾಕ್ಟರ್, ಸಿ ಅಂದರೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ. ದಾವಣಗೆರೆಯಲ್ಲಿ ಈ ಲೆಕ್ಕ ಗಟ್ಟಿಯಾಗಿ ಕೂತಿದೆ. ಅದಕ್ಕೆ ಕಾರಣವೂ ಇದೆ. ಊರಲ್ಲೇ ಮೆಡಿಕಲ್ ಕಾಲೇಜು, ಡೆಂಟಲ್ ಕಾಲೇಜು ಇವೆ. 1951ರಲ್ಲಿ ಶುರುವಾದ ಯುಬಿಡಿಟಿ, 1979ರ ಬಿಐಇಟಿ, ಆಮೇಲೆ ಬಂದ ಇನ್ನಷ್ಟು ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ಹತ್ತಿ ಗಿರಣಿಗಳ ಊರು ಈಗ ಹಾಸ್ಟೆಲುಗಳ ಊರಾಗಿದೆ. ಜಗಳೂರು, ಹೊನ್ನಾಳಿ, ಚನ್ನಗಿರಿಯಿಂದ ಮಾತ್ರ ಅಲ್ಲ, ಚಿತ್ರದುರ್ಗದಿಂದಲೂ ಮಕ್ಕಳನ್ನು ಇಲ್ಲಿಗೆ ತಂದು ಬಿಡುತ್ತಾರೆ. ಟ್ರಂಕು, ಹಾಸಿಗೆ, ಚಟ್ನಿಪುಡಿ ಡಬ್ಬಿ ಸಮೇತ. ಅಷ್ಟೆಲ್ಲಾ ಖರ್ಚು ಮಾಡುವಾಗ ಕೊನೆಯ ಅಕ್ಷರ ಸರಿಯಾಗಿರಬೇಕು ಅಂತ ಅಪ್ಪ ಅಮ್ಮನಿಗೆ ಅನ್ನಿಸುವುದು ಸಹಜ.

ನಾನು ಹೇಳುವ ಉತ್ತರ ಅವರಿಗೆ ರುಚಿಸುವುದಿಲ್ಲ. ಕಂಪ್ಯೂಟರ್ ಎಂಜಿನಿಯರ್ ಆಗುವುದಕ್ಕೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅಂತ ಇಲ್ಲ. ಗಣಿತ ಓದಿರಲೇಬೇಕು. ಅಷ್ಟೇ.

ಕಂಪ್ಯೂಟರ್ ಸೈನ್ಸ್ ಹೇಳಿಕೊಡುವವಳೇ ಹೀಗಂದರೆ ಹೇಗೆ ಅಂತ ನಮ್ಮ ಸ್ಟಾಫ್ ರೂಮಿನಲ್ಲೇ ನಗುತ್ತಾರೆ. ಆದರೆ ನಿಯಮ ನೋಡಿ. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಬರೆಯುವ ಪೇಪರ್ ಮೂರು: ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ತಲಾ 60 ಅಂಕ, ಒಟ್ಟು 180. ಇದಕ್ಕೆ ಅರ್ಧ ತೂಕ, ಪಿಯುಸಿ ಅಂಕಕ್ಕೆ ಇನ್ನರ್ಧ. ಪಿಯುಸಿಯಿಂದಲೂ ಸಾಮಾನ್ಯವಾಗಿ ತೆಗೆದುಕೊಳ್ಳುವುದು ಈ ಮೂರು ವಿಷಯದ್ದೇ. ಕಂಪ್ಯೂಟರ್ ಸೈನ್ಸಿನಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಗೂ, ಬಯಾಲಜಿ ಓದಿದ ಹುಡುಗನಿಗೂ ರ‍್ಯಾಂಕ್ ಪಟ್ಟಿಯಲ್ಲಿ ಅದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ. ಇಬ್ಬರೂ ಒಂದೇ ಕಂಪ್ಯೂಟರ್ ಸೈನ್ಸ್ ಸೀಟಿಗೆ ನಿಲ್ಲಬಹುದು. ಜೆಇಇ ಕೂಡ ಹಾಗೆಯೇ. ಅಲ್ಲೂ ಕಂಪ್ಯೂಟರಿನ ಪ್ರಶ್ನೆ ಒಂದೂ ಬರುವುದಿಲ್ಲ.

ಹಾಗಾದರೆ ನಾಲ್ಕನೆಯ ವಿಷಯ ದಂಡವೇ? ಇಲ್ಲ. ಬಿ ತಗೊಂಡರೆ ನೀಟ್ ಬಾಗಿಲು ತೆರೆದಿರುತ್ತದೆ. ಬಿ.ಎಸ್ಸಿ. ಅಗ್ರಿ, ವೆಟರ್ನರಿ ಕೂಡ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಮೆಕ್ಕೆಜೋಳ, ಭತ್ತ, ಅಡಿಕೆ ಬೆಳೆಯುವವರ ಮಕ್ಕಳಿಗೆ ಕೃಷಿ ಕೋರ್ಸುಗಳಲ್ಲಿ ಕೃಷಿಕರ ಕೋಟಾ ಇದೆ. ಆ ಕೋಟಾ ಇದೆ ಎಂದೇ ಗೊತ್ತಿಲ್ಲದೆ “ಸಾಫ್ಟ್‌ವೇರ್‌ಗೆ ಸ್ಕೋಪ್ ಜಾಸ್ತಿ” ಅಂತ ಪಿಸಿಎಂಸಿ ಸೇರಿಸಿದ ರೈತರನ್ನು ನೋಡಿದ್ದೇನೆ. ಹುಡುಗನಿಗೆ ಹೊಲ ಅಂದರೆ ಪ್ರಾಣ. ಅವನು ಕ್ಲಾಸಿನಲ್ಲಿ ಕಿಟಕಿ ಕಡೆ ನೋಡುತ್ತಾ ಕೂತಿರುತ್ತಾನೆ. ಒಂದು ಸಮಾಧಾನ ಏನೆಂದರೆ, 12ನೇ ತರಗತಿ ಮುಗಿದಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡವರೂ ನೀಟ್ ಬರೆಯಬಹುದು ಅಂತ 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು. ಅಂದರೆ ಬಿ ಬಿಟ್ಟದ್ದನ್ನೂ ಸರಿ ಮಾಡಿಕೊಳ್ಳುವ ದಾರಿ ಇದೆ, ಸುತ್ತುದಾರಿಯಾದರೂ ಸರಿ.

ಸಿ ಬಿಟ್ಟದ್ದನ್ನು ಸರಿ ಮಾಡಿಕೊಳ್ಳುವುದು ಇನ್ನೂ ಸುಲಭ. ಯಾಕೆಂದರೆ ನಮ್ಮ ಪಠ್ಯ ಶುರುವಾಗುವುದೇ ಸೊನ್ನೆಯಿಂದ. ಫಸ್ಟ್ ಪಿಯುಸಿಯಲ್ಲಿ ಕಂಪ್ಯೂಟರ್ ಅಂದರೇನು, ಸಂಖ್ಯಾಪದ್ಧತಿ ಅಂದರೇನು, ಆಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಇಫ್, ಫಾರ್, ವೈಲ್, ಫಂಕ್ಷನ್, ಸ್ಟ್ರಿಂಗ್, ಲಿಸ್ಟ್, ಡಿಕ್ಷನರಿ. ಸೆಕೆಂಡ್ ಪಿಯುಸಿಯಲ್ಲಿ ಫೈಲ್, ಸ್ಟ್ಯಾಕ್, ಕ್ಯೂ, ಸಾರ್ಟಿಂಗ್, ಸರ್ಚಿಂಗ್, ಡೇಟಾಬೇಸ್, ಅದಕ್ಕೆ ಪ್ರಶ್ನೆ ಹಾಕುವ ಭಾಷೆ ಎಸ್‌ಕ್ಯುಎಲ್, ನೆಟ್‌ವರ್ಕ್. ಮೊದಲು ಸಿ ಪ್ಲಸ್ ಪ್ಲಸ್ ಇತ್ತು. ಈಗ ಎನ್‌ಸಿಇಆರ್‌ಟಿ ಪುಸ್ತಕ, ಪೈಥಾನ್. ನನಗೆ ಇದು ಇಷ್ಟ. ಒಂದು ಸೆಮಿಕೋಲನ್ ಬಿಟ್ಟು ಇಡೀ ಲ್ಯಾಬ್ ಅವಧಿ ಅಳುವ ಮಕ್ಕಳು ಕಡಿಮೆಯಾಗಿದ್ದಾರೆ. ಈಗ ಅಳುವುದು ಸಾಲಿನ ಮುಂದೆ ಬಿಡುವ ಜಾಗ ಹೆಚ್ಚುಕಡಿಮೆಯಾದಾಗ, ಅದು ಬೇರೆ ಮಾತು.

ಎಂಜಿನಿಯರಿಂಗ್ ಮೊದಲ ವರ್ಷವೂ ಪ್ರೋಗ್ರಾಮಿಂಗನ್ನು ಮೊದಲಿಂದಲೇ ಹೇಳುತ್ತದೆ. ಪಿಸಿಎಂಬಿಯಿಂದ ಬಂದವರು ಮೊದಮೊದಲು ತಡಕಾಡುತ್ತಾರೆ, ಆಮೇಲೆ ಸಮ ಆಗುತ್ತಾರೆ. ಗಣಿತಕ್ಕೆ ಈ ಕರುಣೆ ಇಲ್ಲ. ಅದು ಯಾವತ್ತೂ ಮೊದಲಿಂದ ಶುರುವಾಗುವುದಿಲ್ಲ. ಫಸ್ಟ್ ಪಿಯುಸಿಯ ತ್ರಿಕೋನಮಿತಿ ನಿಂತಿರುವುದು ಹತ್ತನೇ ಕ್ಲಾಸಿನ ತ್ರಿಕೋನಮಿತಿ ಮೇಲೆ. ಲಿಮಿಟ್ಸ್ ನಿಂತಿರುವುದು ಎಂಟು, ಒಂಬತ್ತರಲ್ಲಿ ಕಲಿತ ಅಪವರ್ತನದ ಮೇಲೆ. ಅಪವರ್ತನ ಬಾರದ ಹುಡುಗ ಲಿಮಿಟ್ಸ್‌ನಲ್ಲಿ ಸೋಲುತ್ತಾನೆ. ಸೋತದ್ದು ಎಂಟನೇ ಕ್ಲಾಸಿನಲ್ಲಿ ಅಂತ ಅವನಿಗೂ ಗೊತ್ತಾಗುವುದಿಲ್ಲ, ಟ್ಯೂಷನ್ ದುಡ್ಡು ಕಟ್ಟುವವರಿಗೂ ಗೊತ್ತಾಗುವುದಿಲ್ಲ. ಬಿ ಬೇಕೋ ಸಿ ಬೇಕೋ ಅಂತ ಜಗಳ ಆಡುವ ಮನೆಗಳನ್ನು ನೋಡಿದರೆ ನನಗೆ ಅನ್ನಿಸುವುದು ಹೀಗೆ: ಬೆಣ್ಣೆದೋಸೆಗೆ ಚಟ್ನಿ ಸಾಕೋ ಪಲ್ಯವೂ ಬೇಕೋ ಅಂತ ವಾದ ಮಾಡುತ್ತಿದ್ದಾರೆ, ಹಿಟ್ಟು ರುಬ್ಬಿಟ್ಟಿದ್ದಾರೋ ಇಲ್ಲವೋ ಅಂತ ಯಾರೂ ಒಳಗೆ ಹೋಗಿ ನೋಡಿಲ್ಲ.

ಕಂಪ್ಯೂಟರ್ ಓದುವುದಕ್ಕೆ ಗಣಿತ ನಿಜವಾಗಿಯೂ ಬೇಕಾ, ಸುಮ್ನೆ ನಿಯಮಕ್ಕೆ ಇಟ್ಟಿದ್ದಾರಾ ಅಂತ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನಾನು ಸೆಕೆಂಡ್ ಪಿಯುಸಿಯ ಬಬಲ್ ಸಾರ್ಟ್ ಪಾಠದಲ್ಲಿ ಇದಕ್ಕೆ ಉತ್ತರ ಕೊಡಲು ನೋಡುತ್ತೇನೆ.

ಕ್ಲಾಸಿನ ಅಂಕಪಟ್ಟಿಯನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಬೇಕು. ಪಕ್ಕಪಕ್ಕದ ಎರಡು ಅಂಕ ನೋಡು, ಹಿಂದುಮುಂದಾಗಿದ್ದರೆ ಅದಲುಬದಲು ಮಾಡು, ಮುಂದೆ ಹೋಗು. ಒಂದು ಸುತ್ತು ಮುಗಿದಾಗ ಅತಿ ದೊಡ್ಡದು ಕೊನೆಗೆ ಹೋಗಿ ಕೂತಿರುತ್ತದೆ. ಹತ್ತು ಜನ ಇದ್ದರೆ ಮೊದಲ ಸುತ್ತಿಗೆ 9 ಹೋಲಿಕೆ. ಎರಡನೆಯದಕ್ಕೆ 8. ಆಮೇಲೆ 7, 6, ಹೀಗೆ 1ರವರೆಗೆ. ಒಟ್ಟು ಎಷ್ಟು? ಇಲ್ಲಿ ನಾನು ಸುಮ್ಮನಾಗುತ್ತೇನೆ. ಯಾರೋ ಬೆರಳು ಮಡಚುತ್ತಾರೆ. ಯಾರೋ ಫೋನ್ ಇಲ್ಲದ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಹಿಂದಿನ ಬೆಂಚಿನಿಂದ ಒಬ್ಬಳು ಹೇಳುತ್ತಾಳೆ: “ಮಿಸ್, ಇದು ಸಮಾಂತರ ಶ್ರೇಢಿ ಅಲ್ವಾ?” ಹೌದು, ಹತ್ತನೇ ಕ್ಲಾಸಿನದ್ದೇ. ಉತ್ತರ 45. ನಮ್ಮ 60 ಜನರ ಸೆಕ್ಷನ್ನಿಗೆ 60 ಗುಣಿಸು 59, ಭಾಗಿಸು 2, ಅಂದರೆ 1,770. ಸಾವಿರ ಜನರಿದ್ದರೆ 4,99,500. ಜನ ನೂರು ಪಟ್ಟಾದರೆ ಕೆಲಸ ಹತ್ತಿರಹತ್ತಿರ ಹತ್ತು ಸಾವಿರ ಪಟ್ಟಾಗುತ್ತದೆ. ಪ್ರೋಗ್ರಾಂ ಬರೆಯಲು ಬಂದರೆ ಸಾಲದು, ಅದು ಯಾವಾಗ ಕೈಕೊಡುತ್ತದೆ ಅಂತಲೂ ಗೊತ್ತಾಗಬೇಕು. ಅದನ್ನು ಹೇಳುವುದು ಗಣಿತ.

ಅದೇ ಪಟ್ಟಿ ಜೋಡಿಸಿ ಆದಮೇಲೆ ಒಂದು ಅಂಕ ಹುಡುಕುವುದು ನೋಡಿ. ನಡುವಿಗೆ ಹೋಗು, ಬೇಕಾದ್ದು ಮುಂದಿದೆಯೋ ಹಿಂದಿದೆಯೋ ನೋಡು, ಅರ್ಧ ಬಿಸಾಕು. ಸಾವಿರ ಅಂಕಗಳಿದ್ದರೂ ಹೆಚ್ಚೆಂದರೆ ಹತ್ತು ಸಲ ನೋಡಿದರೆ ಸಾಕು, ಯಾಕೆಂದರೆ ಎರಡರ ಹತ್ತನೇ ಘಾತ 1,024. ಲಾಗರಿದಮ್ ಎಂಬ ಹೆಸರು ಕೇಳಿದರೆ ಬೆವರುವ ಮಕ್ಕಳಿಗೆ ಇಲ್ಲಿ ಮೊದಲ ಸಲ ಅದರ ಉಪಯೋಗ ಕಾಣುತ್ತದೆ. ಆ ಮುಖಗಳನ್ನು ನೋಡುವುದಕ್ಕೇ ನಾನು ಈ ಪಾಠವನ್ನು ನಿಧಾನಕ್ಕೆ ಮಾಡುತ್ತೇನೆ. ಸಿಲಬಸ್ ಮುಗಿದಿಲ್ಲ ಅಂತ ಮೀಟಿಂಗಿನಲ್ಲಿ ಬೈಸಿಕೊಳ್ಳುವುದೂ ಇದರಿಂದಲೇ. ಮುಂದೆ ಮ್ಯಾಟ್ರಿಕ್ಸ್ ಬರುತ್ತದೆ, ಫೋಟೋ ಅಂದರೆ ಕಂಪ್ಯೂಟರಿಗೆ ಸಂಖ್ಯೆಗಳ ಮ್ಯಾಟ್ರಿಕ್ಸೇ. ಸಂಭವನೀಯತೆ ಬರುತ್ತದೆ, ಈಗ ಎಲ್ಲರ ಬಾಯಲ್ಲಿರುವ ಎಐ ನಿಂತಿರುವುದು ಅದರ ಮೇಲೆ. ಊರಿನ ಕಾಲೇಜುಗಳಲ್ಲಿ ಎಐ, ಡೇಟಾ ಸೈನ್ಸ್ ಬ್ರಾಂಚುಗಳಿಗೆ ನೂಕುನುಗ್ಗಲು. ಅಲ್ಲಿ ಸೇರಿ ಮೊದಲ ಸೆಮಿಸ್ಟರಿನಲ್ಲೇ ಮ್ಯಾಥ್ಸ್ ಬ್ಯಾಕ್ ಉಳಿಸಿಕೊಂಡು ನನಗೆ ಫೋನ್ ಮಾಡುವವರು, ಪಿಯುಸಿಯಲ್ಲಿ ನನ್ನ ವಿಷಯಕ್ಕೆ ತೊಂಬತ್ತರ ಮೇಲೆ ತೆಗೆದ ಮಕ್ಕಳೇ.

ಆ ತೊಂಬತ್ತರ ಗುಟ್ಟನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರ್ ಸೈನ್ಸಿಗೆ ಬರೆಯುವ ಪರೀಕ್ಷೆ 70, ಲ್ಯಾಬ್ 30. ಲ್ಯಾಬಿನ 30 ಬಹಳ ಜನಕ್ಕೆ ಪೂರ್ತಿ ಬೀಳುತ್ತದೆ. ಪ್ರೋಗ್ರಾಂಗಳ ಪಟ್ಟಿ ವರ್ಷದ ಮೊದಲೇ ಗೊತ್ತಿರುತ್ತದೆ, ಬಾಯಿಪಾಠ ಮಾಡುವ ಮಕ್ಕಳಿಗೆ ಹಬ್ಬ. ಎಸ್‌ಕ್ಯುಎಲ್ ಕ್ವೆರಿಗಳನ್ನು ಅಮರಕೋಶದ ಹಾಗೆ ಒಪ್ಪಿಸುವವರಿದ್ದಾರೆ. “ಸ್ಕೋರಿಂಗ್ ಸಬ್ಜೆಕ್ಟ್” ಅನ್ನುವ ಹೆಸರು ಬಂದಿದ್ದು ಹೀಗೆ. ಗಣಿತಕ್ಕೆ ಬರೆಯುವ ಪೇಪರೇ 80, ಆಂತರಿಕ ಅಂಕ 20. ಅಲ್ಲಿ ಬಾಯಿಪಾಠ ಒಂದು ಮಟ್ಟದವರೆಗೆ ಮಾತ್ರ ನಡೆಯುತ್ತದೆ.

ಇನ್ನೊಂದು ಸಂಗತಿ ಇದೆ, ಯಾರೂ ಇದನ್ನು ಜೋರಾಗಿ ಹೇಳುವುದಿಲ್ಲ. ಸಿಬಿಎಸ್‌ಇ ಶಾಲೆಯ ಮಗುವಿಗೆ ಒಂಬತ್ತು, ಹತ್ತರಲ್ಲೇ ಕಂಪ್ಯೂಟರ್ ಅಪ್ಲಿಕೇಷನ್ಸ್, ಐಟಿ, ಎಐ ಅಂತ ಹೆಚ್ಚುವರಿ ವಿಷಯ ತೆಗೆದುಕೊಳ್ಳುವ ಅವಕಾಶ ಇದೆ. ನಮ್ಮ ರಾಜ್ಯ ಪಠ್ಯಕ್ರಮದ ಬಹುಪಾಲು ಮಕ್ಕಳು 625 ಅಂಕದ ಎಸ್‌ಎಸ್‌ಎಲ್‌ಸಿ ಮುಗಿಸಿ ಬರುವಾಗ ಒಂದೇ ಒಂದು ಪ್ರೋಗ್ರಾಂ ಬರೆದಿರುವುದಿಲ್ಲ. ಮಾಯಕೊಂಡದ ಕಡೆಯಿಂದ ಬಂದ ಹುಡುಗ ಮೌಸ್ ಹಿಡಿಯುವುದನ್ನು ಕಲಿಯುವುದೇ ನಮ್ಮ ಲ್ಯಾಬಿನಲ್ಲಿ. ಪಕ್ಕದಲ್ಲಿ ಕೂತವನು ಮನೆಯಲ್ಲಿ ಲ್ಯಾಪ್‌ಟಾಪ್ ಇರುವವನು. ಮೊದಲ ತಿಂಗಳು ಅಂತರ ಎದ್ದು ಕಾಣುತ್ತದೆ. ದಸರಾ ರಜೆ ಹೊತ್ತಿಗೆ ಆ ಅಂತರ ಮೌಸಿನಲ್ಲಿ ಉಳಿದಿರುವುದಿಲ್ಲ. ಗಣಿತ ಚೆನ್ನಾಗಿರುವವನು ಮುಂದೆ ಹೋಗಿರುತ್ತಾನೆ, ಅವನು ಯಾವ ಹಳ್ಳಿಯವನಾದರೂ ಸರಿ.

ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆಯೂ ಇದೇ ಮಾತು. ಸೈನ್ಸ್ ತಗೊಂಡರೆ ಎಲ್ಲವೂ ಇಂಗ್ಲಿಷ್ ಅಂತ ಹೆದರಿ ಬೇರೆ ಕಡೆ ಹೋಗುವವರು ಈಗಲೂ ಇದ್ದಾರೆ. ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಬಯಾಲಜಿಯಲ್ಲಿ ಪುಟಗಟ್ಟಲೆ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಬೇಕು. ಗಣಿತದಲ್ಲಿ ಭಾಷೆಯ ಭಾರ ಎಲ್ಲಕ್ಕಿಂತ ಕಡಿಮೆ. ಎಕ್ಸ್ ವರ್ಗ ಎರಡೂ ಮಾಧ್ಯಮದಲ್ಲಿ ಒಂದೇ ಥರ ಬರೆಯುತ್ತಾರೆ. ಪೈಥಾನಿಗೂ ಬೇಕಾದ ಇಂಗ್ಲಿಷ್ ಪದಗಳು ಬೆರಳೆಣಿಕೆಯಷ್ಟು. ಮೇಲಾಗಿ ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 5, ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15 ಮೀಸಲು ಇದೆ. ಆ ಸರ್ಟಿಫಿಕೇಟುಗಳನ್ನು ಶಾಲೆಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೇ ಗಳಿಗೆಯಲ್ಲಿ ಬಿಇಓ ಆಫೀಸಿನ ಮುಂದೆ ಕ್ಯೂ ನಿಂತು ಒದ್ದಾಡಬೇಡಿ.

ಕಾಮರ್ಸಿನ ಮಾತಿಗೆ ಬರುತ್ತೇನೆ. ಇದು ನನಗೆ ಬೇಜಾರಿನ ವಿಷಯ. ದಾವಣಗೆರೆ ವ್ಯಾಪಾರದ ಊರು, ಆದರೂ ಕಾಮರ್ಸ್ ಅಂದರೆ ಸೈನ್ಸ್ ಸಿಗದವರ ಜಾಗ ಅಂತ ನೋಡುತ್ತಾರೆ. ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಸೇರಿದ ಸಿಇಬಿಎ ಕಾಂಬಿನೇಷನ್ನಿನ ಮಕ್ಕಳು ಓದುವುದು ಪಿಸಿಎಂಸಿಯವರು ಓದುವ ಅದೇ ಕಂಪ್ಯೂಟರ್ ಪುಸ್ತಕ, ಬರೆಯುವುದು ಅದೇ ಪ್ರಶ್ನೆಪತ್ರಿಕೆ. ಲ್ಯಾಬಿನಲ್ಲಿ ಕೆಲವು ಸಲ ಸೈನ್ಸಿನವರಿಗಿಂತ ಇವರೇ ಚುರುಕು. ಅಂಗಡಿಯ ಬಿಲ್ ಬುಕ್ ನೋಡಿ ಬೆಳೆದ ಹುಡುಗಿಗೆ ಡೇಟಾಬೇಸಿನ ಟೇಬಲ್ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇವರಿಗೆ ತೊಂದರೆ ಬರುವುದು ಎರಡು ವರ್ಷ ಆದಮೇಲೆ. ಸಿಇಬಿಎ ಮುಗಿಸಿ ಬಿಸಿಎ ಸೇರುತ್ತಾರೆ. ಅಲ್ಲಿ ಡಿಸ್ಕ್ರೀಟ್ ಮ್ಯಾಥ್ಸ್ ಬರುತ್ತದೆ. ಗಣಿತದ ಪುಸ್ತಕ ಮುಟ್ಟದೆ ಎರಡು ವರ್ಷ ಆಗಿರುತ್ತದೆ. ಬಿಸಿಎ ಬಿಟ್ಟು ಬಿ.ಕಾಂ. ಮಾಡಿ ಆಮೇಲೆ ಎಂಸಿಎ ಅಂದರೆ, ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಇತ್ತಾ ಅಂತ ಕೇಳುತ್ತಾರೆ. ಸಿಎ ಫೌಂಡೇಷನ್ ನಾಲ್ಕು ಪೇಪರಿನಲ್ಲಿ ಒಂದು ಪೂರ್ತಿ ವ್ಯಾವಹಾರಿಕ ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದು. ಗಣಿತದಿಂದ ತಪ್ಪಿಸಿಕೊಳ್ಳಲೆಂದು ಕಾಮರ್ಸ್ ಸೇರಿದವರನ್ನು ಅದು ಸಿಎ ಕೋಚಿಂಗಿನಲ್ಲಿ ಕಾಯುತ್ತಾ ಕೂತಿರುತ್ತದೆ. ಅದಕ್ಕೇ ಕಾಮರ್ಸಿಗೆ ಬರುವ ಚುರುಕು ಮಕ್ಕಳಿಗೆ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟಾಟಿಸ್ಟಿಕ್ಸ್ ಇರುವ ಕಾಂಬಿನೇಷನ್ ಸಿಕ್ಕಿದರೆ ಅದನ್ನು ತಗೊಳ್ಳಿ, ಪೈಥಾನನ್ನು ಬೇಕಾದರೆ ರಜೆಯಲ್ಲಿ ನಾನೇ ಹೇಳಿಕೊಡುತ್ತೇನೆ ಅನ್ನುತ್ತೇನೆ. ತೊಂದರೆ ಏನೆಂದರೆ ಇಂಥ ಕಾಂಬಿನೇಷನ್ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಸಾಕಷ್ಟು ಮಕ್ಕಳು ಬರುವುದಿಲ್ಲ ಅಂತ ಕಾಲೇಜಿನವರು ಇಡುವುದಿಲ್ಲ, ಇಟ್ಟಿಲ್ಲ ಅಂತ ಮಕ್ಕಳು ಕೇಳುವುದಿಲ್ಲ. ಸೈನ್ಸಿನಲ್ಲಿ ಎಲೆಕ್ಟ್ರಾನಿಕ್ಸ್, ಸ್ಟಾಟಿಸ್ಟಿಕ್ಸ್ ಇರುವ ಕಾಂಬಿನೇಷನ್ನುಗಳ ಕಥೆಯೂ ಅಷ್ಟೇ.

ಸಿಬಿಎಸ್‌ಇಯವರು ಗಣಿತವನ್ನೇ ಎರಡು ಥರ ಮಾಡಿದ್ದಾರೆ. 2020ರ ಪರೀಕ್ಷೆಯಿಂದ ಹತ್ತನೇ ತರಗತಿಗೆ ಸ್ಟ್ಯಾಂಡರ್ಡ್ ಮತ್ತು ಬೇಸಿಕ್ ಅಂತ ಎರಡು ಪ್ರಶ್ನೆಪತ್ರಿಕೆ. ಪಾಠ ಎರಡಕ್ಕೂ ಒಂದೇ, ಪೇಪರ್ ಮಾತ್ರ ಒಂದು ಸುಲಭ. ಹನ್ನೊಂದರಲ್ಲಿ ಮಾಮೂಲಿ ಗಣಿತದ ಜೊತೆಗೆ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ಅಂತ ಇನ್ನೊಂದು ಆಯ್ಕೆ. ಅದರಲ್ಲಿ ವ್ಯಾಪಾರ, ಹಣಕಾಸು, ಸಂಖ್ಯಾಶಾಸ್ತ್ರ ಜಾಸ್ತಿ. ಕಾಮರ್ಸಿನ ಮಕ್ಕಳಿಗೆ ಇದು ಒಳ್ಳೆಯ ಯೋಚನೆ ಅಂತ ನನಗೆ ಅನ್ನಿಸುತ್ತದೆ. ಬೇಸಿಕ್ ಪೇಪರ್ ಬಗ್ಗೆ ಮಾತ್ರ ಅನುಮಾನ. ಹದಿನೈದು ವರ್ಷದ ಮಗು “ನನಗೆ ಮುಂದೆ ಗಣಿತ ಬೇಡ” ಅಂತ ನಿರ್ಧರಿಸುವುದು ಬಹಳ ಸಲ ಗಣಿತದ ಮೇಲಿನ ಕೋಪದಿಂದಲ್ಲ, ಗಣಿತದ ಮೇಷ್ಟ್ರ ಮೇಲಿನ ಕೋಪದಿಂದ.

ಮೇಷ್ಟ್ರ ಮಾತು ಬಂತಲ್ಲ. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಕ್ಯಾಂಪಸ್ ಇದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಹೋಗಿ ಬಂದ ಸಹೋದ್ಯೋಗಿಗಳು ಕೆಲವು ದಿನ ಬೇರೆಯೇ ಹುರುಪಿನಲ್ಲಿರುತ್ತಾರೆ. ಆಮೇಲೆ ಸಿಲಬಸ್ಸು, ಸೀರೀಸ್ ಟೆಸ್ಟು, ಮತ್ತೆ ಅದೇ ಓಟ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಅಂಥದ್ದೊಂದು ಜಾಗ ಇದೆ ಅಂತ ಅಪ್ಪ ಅಮ್ಮಂದಿರಲ್ಲಿ ಎಷ್ಟು ಜನಕ್ಕೆ ಗೊತ್ತು? ಕೋಚಿಂಗ್ ಸೆಂಟರುಗಳ ಫ್ಲೆಕ್ಸ್ ಮಾತ್ರ ಎಲ್ಲರಿಗೂ ಗೊತ್ತು.

ಡಿಪ್ಲೊಮಾ ದಾರಿಯೂ ಇದೆ. ಎಸ್‌ಎಸ್‌ಎಲ್‌ಸಿ ಆದಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಕಂಪ್ಯೂಟರ್ ಸೈನ್ಸ್, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷ. ಬೇಗ ದುಡಿಯಬೇಕಾದ ಮನೆಗಳಿಗೆ ಇದು ಒಳ್ಳೆಯದು, ಕೈಕೆಲಸ ಚೆನ್ನಾಗಿ ಕಲಿಯುತ್ತಾರೆ. ನಮ್ಮ ಅಕ್ಕನ ಮಗ ಹೀಗೇ ಹೋದವನು. ಅವನಿಗೆ ಎರಡನೇ ವರ್ಷಕ್ಕೆ ಕಾಲಿಟ್ಟಾಗ ಪ್ರೋಗ್ರಾಮಿಂಗ್ ನೀರು ಕುಡಿದಷ್ಟು ಸಲೀಸು. ಜೊತೆಗೆ ಹೆಚ್ಚುವರಿ ಗಣಿತದ ಪೇಪರೂ ಕಾದಿತ್ತು. ಡಿಪ್ಲೊಮಾದಿಂದ ಬಂದವರಿಗೆ ಅಂತಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಇಟ್ಟಿದ್ದ ಪೇಪರ್ ಅದು. ಪಿಯುಸಿ ಗಣಿತ ತಪ್ಪಿಹೋದದ್ದನ್ನು ತುಂಬಿಸುವುದಕ್ಕೆ. “ಚಿಕ್ಕಮ್ಮ, ಎಲ್ಲಿ ಹೋದ್ರೂ ಇದು ಬಿಡಲ್ವಲ್ಲ” ಅಂದಿದ್ದ.

ಇಷ್ಟು ಹೇಳಿದ ಮೇಲೂ ಜನ ಕೇಳುತ್ತಾರೆ, “ಅದೆಲ್ಲಾ ಸರಿ ಮೇಡಂ, ಕೊನೆಗೆ ಯಾವುದು ತಗೊಳ್ಳೋಣ ಹೇಳಿ.” ಆಗ ನಾನು ಹುಡುಗನನ್ನೋ ಹುಡುಗಿಯನ್ನೋ ಮಾತಾಡಿಸುತ್ತೇನೆ. ಬಯಾಲಜಿಯ ಚಿತ್ರ ಬರೆಯುವುದು ಖುಷಿ ಕೊಡುತ್ತದೆಯಾ? ಹಾಗಾದರೆ ಬಿ, ಯೋಚನೆಯೇ ಬೇಡ. ಗೇಮ್ ಆಡುವುದು ಬಿಟ್ಟು ಅದು ಹೇಗೆ ನಡೆಯುತ್ತದೆ ಅಂತ ಯಾವಾಗಲಾದರೂ ಯೋಚನೆ ಬಂದಿದೆಯಾ? ಹಾಗಾದರೆ ಸಿ. ಎರಡೂ ಗೊತ್ತಿಲ್ಲ ಅಂದರೆ, ಮನೆಗೆ ಹತ್ತಿರ ಇರುವ, ಗಣಿತದ ಮೇಷ್ಟ್ರು ಚೆನ್ನಾಗಿರುವ ಕಾಲೇಜು ಹುಡುಕಿ ಅಲ್ಲಿ ಸಿಗುವ ಅಕ್ಷರ ತಗೊಳ್ಳಿ. ಮೇಷ್ಟ್ರು ಚೆನ್ನಾಗಿದ್ದಾರೋ ಇಲ್ಲವೋ ಅಂತ ಆಫೀಸಿನಲ್ಲಿ ಕೇಳಬೇಡಿ. ಸೆಕೆಂಡ್ ಪಿಯುಸಿ ಮಕ್ಕಳನ್ನು ಗೇಟಿನ ಹತ್ತಿರ ನಿಲ್ಲಿಸಿ ಕೇಳಿ. ಅವರು ಸುಳ್ಳು ಹೇಳುವುದಿಲ್ಲ.

ಸಿ ತಗೊಳ್ಳುವವರು ಇನ್ನೂ ಒಂದು ಕೇಳಬೇಕು. ವಾರಕ್ಕೆ ಲ್ಯಾಬ್ ಎಷ್ಟು ಹೊತ್ತು, ಒಂದು ಕಂಪ್ಯೂಟರಿಗೆ ಎಷ್ಟು ಜನ, ಕೋಚಿಂಗ್ ಅವಧಿ ಜಾಸ್ತಿ ಮಾಡಲು ಲ್ಯಾಬ್ ಅವಧಿ ಕತ್ತರಿಸುತ್ತಾರಾ. ನನಗೆ ಗೊತ್ತಿರುವ ಒಂದು ಕಡೆ ಲ್ಯಾಬ್ ಬಾಗಿಲು ತೆಗೆಯುತ್ತಿದ್ದುದೇ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ತಿಂಗಳು. ರೆಕಾರ್ಡ್ ಪುಸ್ತಕ ಮಾತ್ರ ಜೂನಿನಿಂದಲೇ ತಪ್ಪಿಲ್ಲದೆ ತುಂಬಿರುತ್ತಿತ್ತು. ಫೀಸು ಕಟ್ಟುವ ಮೊದಲು “ಲ್ಯಾಬ್ ಸ್ವಲ್ಪ ತೋರಿಸ್ತೀರಾ?” ಅಂತ ಕೇಳಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಅವರೇ ಹುಡುಕಾಡಿದರೆ, ಪಕ್ಕದ ಕಾಲೇಜಿನ ಅಪ್ಲಿಕೇಷನ್ನನ್ನೂ ಒಂದು ತಗೊಂಡು ಬನ್ನಿ.